ಕೆಂಪಿಗೆ ಕೆಂಪು, ಹಳದಿಗೆ ಹಳದಿ

ಶರಾವತಿಯ ಕೆಲಸವನ್ನು ಹೊಗಳದವರು ಶಿವಮೊಗ್ಗದಲ್ಲಿ ಯಾರೂ ಇರಲಿಲ್ಲ, ಅವಳ ಗಂಡನೊಬ್ಬನನ್ನು ಬಿಟ್ಟರೆ. ಗಂಡ ವಿಷ್ಣುಪ್ರಸಾದ ಪುರೋಹಿತ, ಹೆಂಡತಿ ಎಲೆಕ್ಟ್ರಿಕಲ್ ಕಂಟ್ರಾಕ್ಟರು. ಗೋಪಾಳದ ಅವರ ಮನೆಯ ಗೇಟಿಗೆ ಎರಡು ಬೋರ್ಡು. ಒಂದರಲ್ಲಿ ಸತ್ಯನಾರಾಯಣ ಪೂಜೆ, ಗೃಹಪ್ರವೇಶ, ನಾಮಕರಣ. ಇನ್ನೊಂದರಲ್ಲಿ ವೈರಿಂಗ್, ಪ್ಯಾನಲ್, ಅರ್ಥಿಂಗ್. ಗೃಹಪ್ರವೇಶಕ್ಕೆ ಮುಹೂರ್ತ ಕೇಳಲು ಬಂದವರು ಹಾಗೇ ಮೀಟರ್ ಬೋರ್ಡಿನ ಮಾತನ್ನೂ ಮುಗಿಸಿಕೊಂಡು ಹೋಗುವುದಿತ್ತು. ಹೆಸರಲ್ಲೇ ಕರೆಂಟು ಇಟ್ಟುಕೊಂಡು ಹುಟ್ಟಿದ್ದೀರಿ ಎಂದು ಪ್ರತಿಯೊಬ್ಬ ಹೊಸ ಗಿರಾಕಿಯೂ ತಾನೇ ಮೊದಲು ಕಂಡುಹಿಡಿದವನಂತೆ ಹೇಳುತ್ತಿದ್ದ. ಅವಳೂ ಮೊದಲ ಸಲ ಕೇಳಿದವಳಂತೆ ನಗುತ್ತಿದ್ದಳು.

ಹುಟ್ಟಿದ್ದು ಭದ್ರಾವತಿಯಲ್ಲಿ. ಅಪ್ಪ ಕಾರ್ಖಾನೆಯ ಶಾಲೆಯಲ್ಲಿ ಸಂಸ್ಕೃತದ ಮೇಷ್ಟ್ರು. ಅವರು ಕಪಾಟಿನಲ್ಲಿ ಪುಸ್ತಕಗಳನ್ನು ಎತ್ತರಕ್ಕೆ ತಕ್ಕಂತೆ ಜೋಡಿಸುತ್ತಿದ್ದರೇ ಹೊರತು ವಿಷಯಕ್ಕೆ ತಕ್ಕಂತೆ ಅಲ್ಲ. ಬೇಕಾದ ಪುಸ್ತಕ ಬೇಕಾದಾಗ ಸಿಗುತ್ತಲೇ ಇರಲಿಲ್ಲ, ಕಪಾಟು ಮಾತ್ರ ಕಣ್ಣಿಗೆ ಹಬ್ಬ. ಮಗಳಿಗೆ ಸಂಸ್ಕೃತ ಹತ್ತಲಿಲ್ಲ, ಈ ಜೋಡಿಸುವ ಚಾಳಿ ಹತ್ತಿತು. ಡಿಪ್ಲೊಮಾ ಮುಗಿಸಿ ಅಲ್ಲೇ ಕಾರ್ಖಾನೆಯಲ್ಲಿ ಅಪ್ರೆಂಟಿಸ್ ಆಗಿ ಸೇರಿದಾಗ ಎಲೆಕ್ಟ್ರಿಕಲ್ ವಿಭಾಗದಲ್ಲಿ ಅವಳೊಬ್ಬಳೇ ಹುಡುಗಿ. ಫೋರ್ಮನ್ ಗಣಪಯ್ಯನವರು ಮೊದಲ ದಿನ ಅವಳ ಕೈಗೆ ಕೊಟ್ಟದ್ದು ಸ್ಪ್ಯಾನರುಗಳ ಒಂದು ರಾಶಿ. ಸಂಜೆಯೊಳಗೆ ಅವಳು ಅವನ್ನು ಅಳತೆ ಪ್ರಕಾರ ಗೋಡೆಗೆ ನೇತುಹಾಕಿದ್ದು ನೋಡಿ, ಈ ಹುಡುಗಿ ಉಳಿಯುತ್ತಾಳೆ ಎಂದು ಅವರು ಎಲ್ಲರಿಗೂ ಹೇಳಿಕೊಂಡು ಬಂದರಂತೆ.

ಈಗ ಅವಳಿಗೆ ಐವತ್ತೊಂದು. ಬೇರೆಯವರು ಮಾಡಿದ ಪ್ಯಾನಲ್ಲಿನ ಬಾಗಿಲು ತೆರೆದರೆ ಒಳಗಿನ ತಂತಿಗಳು ಕಾಗೆ ಗೂಡು. ಅವಳದನ್ನು ತೆರೆದರೆ ಬಾಚಿ ಜಡೆ ಹಾಕಿದ ತಲೆ. ಹೀಗಿರುವಾಗ, ಆಯನೂರು ದಾಟಿದ ಮೇಲೆ ಸಾಗರ ರಸ್ತೆಯ ಪಕ್ಕದಲ್ಲಿ ಕೋಳಿ ಆಹಾರದ ಕಾರ್ಖಾನೆಯೊಂದು ಹೊಸ ಶೆಡ್ಡು ಕಟ್ಟಿಸಿದಾಗ ಅದರ ಕೆಲಸ ಅವಳನ್ನು ಹುಡುಕಿಕೊಂಡು ಬಂದದ್ದು ಆಶ್ಚರ್ಯವಲ್ಲ. ಇದು ಚೆನ್ನಾಗಿ ಆದರೆ ಪಕ್ಕದ ಇನ್ನೊಂದು ಶೆಡ್ಡೂ ನಿಮಗೇ ಎಂದಿದ್ದ ಅಲ್ಲಿಯ ಮ್ಯಾನೇಜರ್ ಸುದೀಪ್.

ಕೆಲಸ ಹೀಗಿತ್ತು. ಟ್ರಾನ್ಸ್‌ಫಾರ್ಮರಿನಿಂದ ಶೆಡ್ಡಿನ ಪ್ಯಾನಲ್ಲಿಗೆ ಅರವತ್ತು ಮೀಟರ್ ದೂರ. ಜೋಳ ಪುಡಿ ಮಾಡುವ ಮೋಟಾರುಗಳು ಎಳೆಯುವ ಕರೆಂಟು ಒಂದು ಕೇಬಲ್ಲಿಗೆ ತಡೆಯುವಂಥದ್ದಲ್ಲ. ತಡೆಯುವಷ್ಟು ದಪ್ಪನೆಯದು ತಂದರೆ ಅದು ಬಗ್ಗುವುದಿಲ್ಲ. ಅದಕ್ಕೇ ಕೆಂಪು ಫೇಸಿಗೆ ನಾಲ್ಕು ಕೇಬಲ್, ಹಳದಿಗೆ ನಾಲ್ಕು, ನೀಲಿಗೆ ನಾಲ್ಕು, ನ್ಯೂಟ್ರಲ್‌ಗೂ ನಾಲ್ಕು. ನಾಲ್ಕು ಜನ ಒಂದು ದಿಮ್ಮಿ ಹೊತ್ತಂತೆ ಅವು ಭಾರವನ್ನು ಸಮವಾಗಿ ಹಂಚಿಕೊಳ್ಳಬೇಕು. ಹಂಚಿಕೊಳ್ಳಬೇಕಾದರೆ ನಾಲ್ಕೂ ಒಂದೇ ಜಾತಿ, ಒಂದೇ ದಪ್ಪ, ಒಂದೇ ಉದ್ದ ಇರಬೇಕು ಎಂಬುದು ಅವಳಿಗೆ ಚೆನ್ನಾಗಿ ಗೊತ್ತಿತ್ತು. ಅಂಗಳದಲ್ಲಿ ಸುಣ್ಣದ ಗೆರೆ ಎಳೆಸಿ, ಹದಿನಾರನ್ನೂ ಮಲಗಿಸಿ, ಹೆಬ್ಬೆರಳಗಲ ವ್ಯತ್ಯಾಸ ಬರದಂತೆ ಕತ್ತರಿಸಿದಳು. ಕೇಬಲ್ಲೆಲ್ಲ ನೋಡಲು ಕಪ್ಪೇ ಆದ್ದರಿಂದ ಮೀಟರಿಗೊಂದರಂತೆ ಬಣ್ಣದ ಟೇಪು ಸುತ್ತಿಸಿದಳು. ಆಮೇಲೆ ತಗಡಿನ ಉದ್ದನೆಯ ಟ್ರೇಯಲ್ಲಿ ಕೆಂಪಿನ ಪಕ್ಕ ಕೆಂಪು, ಹಳದಿಯ ಪಕ್ಕ ಹಳದಿ, ನೀಲಿಯ ಪಕ್ಕ ನೀಲಿ, ಅಂಚಿಗೆ ನ್ಯೂಟ್ರಲ್ ನಾಲ್ಕು. ಕೆಳಗೆ ನಿಂತು ಕತ್ತೆತ್ತಿ ನೋಡಿದರೆ ರೇಷ್ಮೆ ಸೀರೆಯ ಅಂಚು. ಸುದೀಪ್ ಮೊಬೈಲಿನಲ್ಲಿ ಅದರ ಫೋಟೋ ತೆಗೆದು ಯಾರಿಗೋ ಕಳಿಸಿದ. ಅವಳೂ ಒಂದು ತೆಗೆದುಕೊಂಡಳು.

ಅರ್ಥಿಂಗ್ ಮಾಡಿದವನು ಸುಬ್ಬಪ್ಪ. ರಾಗಿಗುಡ್ಡದವನು, ಐವತ್ತೆಂಟು ವರ್ಷ, ಮೂವತ್ತು ವರ್ಷಗಳಿಂದ ಊರಿನ ನೆಲದಲ್ಲಿ ಗುಂಡಿ ತೋಡಿಕೊಂಡು ಬಂದವನು. ಆಳದ ಗುಂಡಿಯಲ್ಲಿ ಪೈಪು ನಿಲ್ಲಿಸಿ, ಸುತ್ತ ಇದ್ದಿಲು, ಉಪ್ಪು ತುಂಬಿ, ಅಲ್ಲಿಂದ ಕಬ್ಬಿಣದ ಪಟ್ಟಿ ಎಳೆದು ಟ್ರೇಗೂ ಪ್ಯಾನಲ್ಲಿಗೂ ಬಿಗಿದರೆ, ಎಲ್ಲಿ ಕರೆಂಟು ಸೋರಿದರೂ ಅದು ಮನುಷ್ಯನ ಮೈಗೆ ಬರದೆ ನೆಲ ಸೇರುತ್ತದೆ. ಗುಂಡಿ ಒಣಗಬಾರದು. ಕೆಲಸ ನಡೆಯುವಷ್ಟು ದಿನವೂ ಬೆಳಿಗ್ಗೆ ಬಂದ ಕೂಡಲೇ ಸುಬ್ಬಪ್ಪ ಎರಡು ಬಕೆಟ್ ನೀರು ಹೊತ್ತು ತನ್ನ ಗುಂಡಿಗಳಿಗೆ ಹಾಕಿಯೇ ಟೀ ಕುಡಿಯುತ್ತಿದ್ದ. ಶರಾವತಿ ಮತ್ತು ಅವನು ಹನ್ನೆರಡು ವರ್ಷ ಒಟ್ಟಿಗೆ ಕೆಲಸ ಮಾಡಿದ್ದರು. ಇಷ್ಟು ವರ್ಷಗಳಲ್ಲಿ ಅವನ ಗುಂಡಿಯ ಬಗ್ಗೆ ಅವಳು ಎರಡನೇ ಮಾತು ಆಡಿದ್ದಿಲ್ಲ.

ಮಾರ್ಚಿನ ಒಂದು ಶನಿವಾರ ಬೆಳಿಗ್ಗೆ ಮೋಟಾರು ಓಡಿಸಿ ನೋಡಿದರು. ಅರ್ಧ ಗಂಟೆಯಾಗಿತ್ತು. ಕೆಲಸದವನೊಬ್ಬ ಏಣಿಯ ಮೇಲೆ ನಿಂತು ಟ್ರೇಯ ಅಂಚು ಹಿಡಿದವನು ಕೈ ಎಳೆದುಕೊಂಡ.

"ಮೇಡಂ, ಇದು ಸುಡ್ತಾ ಇದೆ."

ಅವಳು ಹತ್ತಿ ಮುಟ್ಟಿದಳು. ನಿಜ. ಬಿಸಿಲು ತಾಗದ ಜಾಗದಲ್ಲಿ ತಗಡು ಕಾದ ದೋಸೆ ಹೆಂಚಿನಂತಾಗಿತ್ತು. ಗುಂಯ್ ಎಂಬ ಸದ್ದು ಬೇರೆ. ಟಾಂಗ್ ಟೆಸ್ಟರ್ ತರಿಸಿದಳು. ಇಕ್ಕಳದಂತೆ ಬಾಯಿ ತೆರೆದು ಕೇಬಲ್ಲನ್ನು ಸುತ್ತುವರಿದರೆ ಒಳಗೆ ಹರಿಯುವ ಕರೆಂಟನ್ನು ತೋರಿಸುವ ಮೀಟರು ಅದು. ಕೆಂಪಿನ ಮೊದಲ ಕೇಬಲ್ಲಿನಲ್ಲಿ ತೊಂಬತ್ತೈದು ಆಂಪಿಯರ್. ಎರಡನೆಯದರಲ್ಲಿ ನೂರ ಮೂವತ್ತು. ಮೂರನೆಯದರಲ್ಲಿ ಇನ್ನೂರ ಐದು. ನಾಲ್ಕನೆಯದರಲ್ಲಿ ಮುನ್ನೂರ ಮೂವತ್ತು. ಒಂದೇ ಗೆರೆಯ ಮೇಲೆ ಮಲಗಿಸಿ ಕತ್ತರಿಸಿದ ಅಣ್ಣತಮ್ಮಂದಿರು. ಒಬ್ಬ ಉಸಿರುಗಟ್ಟಿ ಹೊರುತ್ತಿದ್ದಾನೆ, ಇನ್ನೊಬ್ಬ ಸುಮ್ಮನೆ ಕೈ ಇಟ್ಟುಕೊಂಡು ಬರುತ್ತಿದ್ದಾನೆ. ಅದಾದರೂ ಹೋಗಲಿ. ನಾಲ್ಕನ್ನೂ ಕೂಡಿದರೆ ಏಳುನೂರ ಅರವತ್ತು. ಪ್ಯಾನಲ್ಲಿನ ಮೀಟರು ಒಟ್ಟು ಏಳುನೂರು ಎನ್ನುತ್ತಿತ್ತು. ಬಿಡಿಬಿಡಿಯಾಗಿ ಎಣಿಸಿದರೆ ಒಟ್ಟಿಗಿಂತ ಹೆಚ್ಚಾಗುವುದು ಎಂದರೇನು? ಮೀಟರು ಬದಲಿಸಿ ನೋಡಿದಳು. ಅದೇ ಲೆಕ್ಕ. ಚೀಟಿಯ ಮೇಲೆ ಬರೆದು ಕೂಡಿದಳು, ಮೇಲಿಂದ ಕೆಳಕ್ಕೆ ಕೂಡಿದಳು, ಕೆಳಗಿಂದ ಮೇಲಕ್ಕೆ ಕೂಡಿದಳು. ಅವಳಿಗೆ ತಲೆಬುಡ ತಿಳಿಯಲಿಲ್ಲ.

ಕೊನೆಗೆ, ಏಕೆಂದು ಅವಳಿಗೇ ಗೊತ್ತಿಲ್ಲ, ಟ್ರೇಯ ಉದ್ದಕ್ಕೂ ಬಿಗಿದಿದ್ದ ಅರ್ಥ್ ಪಟ್ಟಿಗೆ ಟೆಸ್ಟರ್ ಹಾಕಿದಳು. ಅಲ್ಲಿ ಏನೂ ಇರಬಾರದು. ಮೂವತ್ತೆಂಟು ತೋರಿಸಿತು.

ಕಂಗಾಲಾದ ಮನಸ್ಸಿಗೆ ಹಿಡಿದುಕೊಳ್ಳಲು ಏನೋ ಒಂದು ಬೇಕು. ಅವಳಿಗೆ ಸಿಕ್ಕಿದ್ದು ಆ ಮೂವತ್ತೆಂಟು. ಅರ್ಥ್‌ನಲ್ಲಿ ಕರೆಂಟು ಓಡುತ್ತಿದೆ ಎಂದರೆ ಅರ್ಥಿಂಗಿನಲ್ಲೇ ಎಡವಟ್ಟು. ಅರ್ಥಿಂಗ್ ಮಾಡಿದವನು ಸುಬ್ಬಪ್ಪ. ಇಷ್ಟು ಸುಲಭವಾಗಿ ಉತ್ತರ ಸಿಕ್ಕಿದ್ದಕ್ಕೇ ಅವಳು ಅನುಮಾನ ಪಡಬೇಕಿತ್ತು. ಪಡಲಿಲ್ಲ.

ಎಲ್ಲರೂ ಟೀಗೆ ಕೂತಿದ್ದ ಹೊತ್ತು. ಐದಾರು ಜನ ಕೆಲಸದವರು, ಸುದೀಪ್, ಸುಬ್ಬಪ್ಪ. ಶರಾವತಿ ಕೂರಲಿಲ್ಲ.

"ಸುಬ್ಬಪ್ಪ, ಗುಂಡಿ ಸರಿಯಾಗಿ ಮಾಡಿದೀರಾ?"

"ಮಾಡಿದೀನಿ ಮೇಡಂ. ನೀವೇ ಮೀಟರಿಟ್ಟು ನೋಡಿದ್ರಲ್ಲ."

"ಅವತ್ತು ನೋಡಿದ್ದು ಅವತ್ತಿಗೆ. ಈಗ ಪಟ್ಟಿಲಿ ಮೂವತ್ತೆಂಟು ಹರೀತಾ ಇದೆ. ಎಲ್ಲಿಂದ ಬಂತು?"

"ನಂಗೇನು ಗೊತ್ತು ಮೇಡಂ? ಗುಂಡಿ ನಂದು. ನಾನೇ ಇಳಿದು ಇದ್ದಿಲು ತುಳಿದಿದೀನಿ. ಅದ್ರಲ್ಲಿ ತಪ್ಪಿಲ್ಲ."

"ಹಂಗಾದ್ರೆ ತಪ್ಪು ನಂದಾ?"

ಸುಬ್ಬಪ್ಪ ಲೋಟ ಕೆಳಗಿಟ್ಟ. ತಲೆ ಎತ್ತಿ ಟ್ರೇಯ ಕಡೆ ನೋಡಿದ. ಆ ನೋಟ ಅವಳ ಪಿತ್ತ ನೆತ್ತಿಗೇರಿಸಿತು.

ಸುದೀಪ್ ಮೆಲ್ಲಗೆ, "ಮೇಡಂ, ಇನ್ನು ಹತ್ತು ದಿನಕ್ಕೆ, ಆಚೆ ಮಂಗಳವಾರ ತಪಾಸಣೆಗೆ ಎಂಜಿನಿಯರ್ ಬರ್ತಾರೆ. ಯಾರದ್ದು ತಪ್ಪು, ಏನು ಮಾಡಿದ್ವಿ ಅಂತ ಸೈಟ್ ಪುಸ್ತಕದಲ್ಲಿ ಇರ್ಬೇಕು. ಬರೆದುಬಿಡಿ" ಎಂದ.

ಅವಳು ಬರೆದಳು. ದುಂಡಗಿನ, ಸಾಲು ತಪ್ಪದ ಅಕ್ಷರದಲ್ಲಿ ಬರೆದಳು. "ಸುಬ್ಬಪ್ಪನವರು ಮಾಡಿದ ಅರ್ಥಿಂಗಿನ ದೋಷದಿಂದ ಟ್ರೇ ಬಿಸಿಯಾಗುತ್ತಿದೆ. ಇಂದಿನಿಂದ ಅವರನ್ನು ಕೆಲಸದಿಂದ ಬಿಡಿಸಲಾಗಿದೆ." ಕೆಳಗೆ ಸಹಿ, ಲೈಸೆನ್ಸ್ ನಂಬರು. ಸುಬ್ಬಪ್ಪ ತನ್ನ ಹಾರೆ, ಗುದ್ದಲಿ ಹೆಗಲಿಗೆ ಹಾಕಿಕೊಂಡು ಬಸ್ಸಿಗೆ ನಡೆದ. ಅವನ ಟೀ ಅರ್ಧ ಉಳಿದಿತ್ತು.

ಸೋಮವಾರ ಬೇರೆ ತಂಡ ಬಂತು. ಮೂರು ದಿನ ಅಗೆದು ಮೂರು ಹೊಸ ಗುಂಡಿ ಮಾಡಿತು. ಬುಧವಾರ ಮತ್ತೆ ಮೋಟಾರು ಓಡಿಸಿದರು. ಟ್ರೇ ಬಿಸಿ. ಪಟ್ಟಿಯಲ್ಲಿ ಮೂವತ್ತೆಂಟು.

ಮೂವತ್ತೇಳು ಆಗಿದ್ದರೂ ಅವಳಿಗೆ ಸಮಾಧಾನವಾಗುತ್ತಿತ್ತು. ಒಂದು ಕೂದಲೂ ಅಲುಗದ ಹಾಗೆ ಅದೇ ಮೂವತ್ತೆಂಟು! ಹೊದಿಕೆಯ ಸೋರಿಕೆ ಹಿಡಿಯುವ ಮೆಗ್ಗರ್ ಮೀಟರಿಟ್ಟು ಹದಿನಾರು ಕೇಬಲ್ಲುಗಳ ಮೈ ಪರೀಕ್ಷಿಸಿದಳು, ಎಲ್ಲೂ ಗಾಯವಿಲ್ಲ. ಕೇಬಲ್ಲಿನ ತುದಿಯನ್ನು ಪ್ಯಾನಲ್ಲಿಗೆ ಹಿಡಿದಿಡುವ ಲಗ್ಗುಗಳನ್ನು ಬಿಚ್ಚಿ ಮತ್ತೆ ಬಿಗಿದಳು. ಅಳತೆ ಟೇಪು ಹಿಡಿದು ಉದ್ದ ನೋಡಿದಳು. ಎಲ್ಲ ಸರಿ. ಎಲ್ಲವೂ ಸರಿಯಿದ್ದು ಕೆಲಸ ಮಾತ್ರ ಸರಿಯಿಲ್ಲ ಎಂದರೆ ಯಾರ ಹತ್ತಿರ ಹೇಳಿಕೊಳ್ಳುವುದು? ಗಂಡನ ಹತ್ತಿರ ಹೇಳಿಕೊಂಡಳು.

"ಟ್ರೇಗೆ ಒಂದು ಶಾಂತಿ ಮಾಡಿಸೋಣ" ಎಂದ ವಿಷ್ಣುಪ್ರಸಾದ, ದರ್ಭೆ ಕಟ್ಟುತ್ತಾ. "ದಕ್ಷಿಣೆ ಬೇಡ ಮಾರಾಯ್ತಿ, ಮನೆಯವಳು ಅಂತ ಬಿಡ್ತೀನಿ."

"ರೀ, ತಮಾಷೆ ಬೇಡ. ನಂಗೆ ಏನೂ ಅರ್ಥ ಆಗ್ತಿಲ್ಲ."

ಇಪ್ಪತ್ತಾರು ವರ್ಷದ ಸಂಸಾರದಲ್ಲಿ ಅವಳ ಬಾಯಿಂದ ಆ ಮಾತು ಅವನು ಕೇಳಿದ್ದು ಅದೇ ಮೊದಲು. ದರ್ಭೆ ಕೆಳಗಿಟ್ಟ. "ನೀನು ಜೋಡಿಸಿದ್ದು ಚಂದ ಇದೆ ಅಂತ ಎಲ್ರೂ ಅಂತಾರೆ. ನಾನೊಬ್ಬನೇ ಅನ್ನಲ್ಲ. ಯಾಕೆ ಗೊತ್ತಾ? ಅಡುಗೆ ಮನೇಲಿ ಡಬ್ಬಿ ಎಲ್ಲಾ ಒಂದೇ ಸೈಜು ಅಂತ ಸಾಲಾಗಿ ಇಟ್ಟಿದೀಯ. ಸಾಸಿವೆ ಒಂದು ಕಡೆ, ಇಂಗು ಇನ್ನೊಂದು ಕಡೆ. ಒಗ್ಗರಣೆ ಹಾಕೋಷ್ಟರಲ್ಲಿ ಎಣ್ಣೆ ಸೀದುಹೋಗುತ್ತೆ." ಅವಳಿಗೆ ಕೋಪ ಬಂತು. ಆ ಮಾತಿನಲ್ಲಿ ತನಗೆ ಬೇಕಾದದ್ದಿದೆ ಎಂದು ಅವಳಿಗೂ ಹೊಳೆಯಲಿಲ್ಲ, ಅವನಿಗೂ ಹೊಳೆಯಲಿಲ್ಲ.

ಗುರುವಾರ ಲಗ್ ತರಲು ಗಾಂಧಿ ಬಜಾರಿನ ಅಂಗಡಿಗೆ ಹೋದಾಗ ಅಂಗಡಿಯವರು ಸಾಮಾನು ಕಟ್ಟುತ್ತಾ ಸಹಜವಾಗಿ ಕೇಳಿದರು.

"ಸುಬ್ಬಪ್ಪನ ಅರ್ಥಿಂಗ್ ಫೇಲ್ ಆಯ್ತಂತೆ ಮೇಡಂ? ನೀವೇ ಬರೆದುಕೊಟ್ರಂತೆ. ಇಲ್ಲಿ ಎರಡು ಅಪಾರ್ಟ್‌ಮೆಂಟಿನವರು ಅವನಿಗೆ ಹೇಳಿದ ಕೆಲಸ ವಾಪಸ್ ತಗೊಂಡ್ರು. ನೀವು ಹೇಳಿದ ಮೇಲೆ ಮುಗೀತಲ್ಲ."

ನಾಲ್ಕು ಗೋಡೆಯ ಒಳಗೆ ಬರೆದ ಎರಡು ಸಾಲು ಐದು ದಿನದಲ್ಲಿ ಬಜಾರಿಗೆ ಬಂದಿತ್ತು. ಹೊಸ ಗುಂಡಿಯಿಂದಲೂ ಏನೂ ಬದಲಾಗಿಲ್ಲ ಎಂಬುದು ಮಾತ್ರ ಬಂದಿರಲಿಲ್ಲ. ಹಾಗಾದರೆ ತಪ್ಪು ಅವನದಲ್ಲವೇ? ಅವನದಲ್ಲದಿದ್ದರೆ ಯಾರದು? ಲಗ್ಗಿನ ಪೊಟ್ಟಣ ಕೌಂಟರಿನ ಮೇಲೇ ಬಿಟ್ಟು ಸ್ಕೂಟರ್ ಹತ್ತಿದಳು. ಅಂಗಡಿಯ ಹುಡುಗಿ ಕವನ ಓಡಿಬಂದು ಅದನ್ನು ಅವಳ ಚೀಲಕ್ಕೆ ಹಾಕಬೇಕಾಯಿತು.

ಶುಕ್ರವಾರ ಭದ್ರಾವತಿಗೆ ಹೋದಳು. ಗಣಪಯ್ಯನವರಿಗೆ ಎಂಬತ್ತೆರಡು. ನ್ಯೂಟೌನಿನ ಹಳೆಯ ಮನೆಯ ಜಗುಲಿಯಲ್ಲಿ ಕೂತಿದ್ದರು. ಕೈಬೆರಳುಗಳು ಸೊಟ್ಟಗಾಗಿದ್ದವು, ಕಣ್ಣು ಮಾತ್ರ ಹಾಗೇ ಚುರುಕು. ಅವಳು ಮೊಬೈಲಿನಲ್ಲಿದ್ದ ಟ್ರೇಯ ಫೋಟೋ ತೋರಿಸಿದಳು. ಒಳಗೊಳಗೆ, ಇಷ್ಟು ಚಂದ ಜೋಡಿಸಿದ್ದೀಯಲ್ಲ ಎಂದಾರು ಎಂಬ ಆಸೆ ಆಗಲೂ ಇತ್ತು.

ಅವರು ಕನ್ನಡಕ ಹಾಕಿಕೊಂಡು ಬಹಳ ಹೊತ್ತು ನೋಡಿದರು.

"ಕಟ್ಟೇ ಇಲ್ಲವಲ್ಲೇ?"

"ಏನು ಸಾರ್?"

"ಕಟ್ಟು ಮಾರಾಯ್ತಿ. ಒಂದು ಕೆಂಪು, ಒಂದು ಹಳದಿ, ಒಂದು ನೀಲಿ ಸೇರಿಸಿ ದಾರ ಸುತ್ತಿ ಕಟ್ಟೋದು. ನಿನ್ನ ಕೈಯಲ್ಲೇ ಎಷ್ಟು ಕಟ್ಟಿಸಿಲ್ಲ ನಾನು? ಬೆರಳು ನೋಯುತ್ತೆ ಅಂತ ಅಳ್ತಿದ್ದೆ."

ನೆನಪಾಯಿತು. ಮೂರು ಕೇಬಲ್ಲನ್ನು ಒಂದಕ್ಕೊಂದು ಒತ್ತಿ ಹಿಡಿದು, ಎರಡು ಅಡಿಗೊಂದು ಗಂಟು. ಎರಡಲ್ಲ, ಮೂರಲ್ಲ, ನೂರಾರು ಗಂಟು. ಗಣಪಯ್ಯನವರು ಪ್ಯಾನಲ್ ಮುಟ್ಟುವ ಮೊದಲು ಕೈ ಮುಗಿಯುತ್ತಿದ್ದರು, ಅಮಾವಾಸ್ಯೆ ದಿನ ಹೊಸ ಸ್ವಿಚ್ಚು ಹಾಕುತ್ತಿರಲಿಲ್ಲ. ಈ ಗಂಟನ್ನೂ ಅವಳು ಆ ಸಾಲಿಗೇ ಸೇರಿಸಿ ಮರೆತಿದ್ದಳು.

"ಅದು ಹಳೇ ಪದ್ಧತಿ ಅಂದ್ಕೊಂಡಿದ್ದೆ ಸಾರ್. ಮೂವತ್ತು ವರ್ಷದಿಂದ ಕಟ್ಟೇ ಇಲ್ಲ. ಏನೂ ಆಗಿಲ್ಲ."

"ಮೂವತ್ತು ವರ್ಷದಿಂದ ಎಂಥಾ ಕೇಬಲ್ ಹಾಕಿದೆ?"

ಇಷ್ಟು ವರ್ಷ ಹಾಕಿದ್ದೆಲ್ಲ ಒಂದೇ ಹೊದಿಕೆಯೊಳಗೆ ಮೂರೂ ಬಣ್ಣ ಇರುವ ಕೇಬಲ್ಲು. ಕಂಪನಿಯವರೇ ಮೂರನ್ನೂ ಒಟ್ಟಿಗೆ ಹೊಸೆದು ಕಳಿಸುತ್ತಿದ್ದರು. ಅವಳು ಕಟ್ಟದಿದ್ದರೂ ಕಟ್ಟು ಒಳಗೇ ಇತ್ತು. ಬಿಡಿ ಕೇಬಲ್ಲಿನ ಇಷ್ಟು ದೊಡ್ಡ ಕೆಲಸ ಅವಳ ಕೈಗೆ ಬಂದದ್ದು ಇದೇ ಮೊದಲು.

"ಯಾಕೆ ಸಾರ್ ಕಟ್ಟಬೇಕು?"

"ಅದನ್ನ ನನ್ನ ಕೇಳ್ಬೇಡ" ಎಂದರು ಗಣಪಯ್ಯ, ಸ್ವಲ್ಪವೂ ಸಂಕೋಚವಿಲ್ಲದೆ. "ನಾನು ಹೊಸದರಲ್ಲಿ ನಿನ್ನ ಹಾಗೇ ಬಣ್ಣಕ್ಕೆ ಬಣ್ಣ ಜೋಡಿಸಿದ್ದೆ. ಟ್ರೇ ಎಷ್ಟು ಬಿಸಿ ಅಂದ್ರೆ ಊಟದ ಡಬ್ಬಿ ಅದರ ಮೇಲಿಟ್ರೆ ಮಧ್ಯಾಹ್ನಕ್ಕೆ ಸಾರು ಬಿಸಿಬಿಸಿ. ನಾವೆಲ್ಲ ಖುಷಿಯಾಗೇ ಇದ್ವಿ. ಒಬ್ಬ ದೊಡ್ಡ ಎಂಜಿನಿಯರ್ ಬಂದು ನೋಡಿ ಸಿಕ್ಕಾಪಟ್ಟೆ ಬೈದ. ಯಾಕೆ ಅಂತ ಇಂಗ್ಲಿಷಲ್ಲಿ ಹೇಳ್ದ, ನಾನು ಹೂಂ ಅಂದೆ. ಕಟ್ಟೋದು ಮಾತ್ರ ಕಲಿತೆ. ಡಿಪ್ಲೊಮಾ ಓದಿದವಳು ನೀನು, ಯಾಕೆ ಅಂತ ನೀನು ಹೇಳು."

ಭದ್ರಾವತಿಯಿಂದ ವಾಪಸ್ ಬರುವ ಬಸ್ಸಿನಲ್ಲಿ ಅವಳಿಗೆ ಮೊದಲಿಗಿಂತ ಹೆಚ್ಚು ಗೊಂದಲ. ತುಂಬಿದ ಬಸ್ಸಿನಲ್ಲಿ ಯಾರು ಯಾರ ಪಕ್ಕ ಕೂತರೂ ಟಿಕೆಟ್ಟಿನ ಲೆಕ್ಕ ಒಂದೇ. ಹದಿನಾರು ಕೇಬಲ್ಲು ಅದೇ, ಉದ್ದ ಅದೇ, ತುದಿ ಅದೇ. ಪಕ್ಕದಲ್ಲಿ ಯಾರು ಮಲಗಿದ್ದಾರೆ ಎಂಬುದರಿಂದ ಒಬ್ಬನ ಭಾರ ಹೇಗೆ ಬದಲಾಗುತ್ತದೆ?

ಶನಿವಾರ ಬೆಳಿಗ್ಗೆ ಸೈಟಿಗೆ ಹೋದವಳು ಟ್ರೇಯ ತಂಟೆಗೆ ಹೋಗಲಿಲ್ಲ. ಪ್ಯಾನಲ್ಲಿನ ಹಿಂದೆ, ಒಂದು ಸಣ್ಣ ಮೋಟಾರಿಗೆ ಹೋಗುವ ಮೂರು ತೆಳ್ಳನೆಯ ತಂತಿಗಳಿದ್ದವು. ಕೆಂಪಿಗೆ ಟೆಸ್ಟರ್ ಹಾಕಿದಳು, ನಲವತ್ತು. ಹಳದಿಗೆ ನಲವತ್ತು, ನೀಲಿಗೆ ನಲವತ್ತು. ಆಮೇಲೆ ಮೂರನ್ನೂ ಒಟ್ಟಿಗೆ ಹಿಡಿದು ಟೆಸ್ಟರಿನ ಬಾಯೊಳಗೆ ಸೇರಿಸಿದಳು. ಸೊನ್ನೆ.

ಇದು ಅವಳಿಗೆ ಗೊತ್ತಿಲ್ಲದ ವಿಷಯವೇನಲ್ಲ. ಸೋರಿಕೆ ಹುಡುಕಲು ನೂರು ಸಲ ಹೀಗೆ ಮಾಡಿದ್ದಳು. ಮೂರೂ ಫೇಸು ಒಟ್ಟಿಗಿದ್ದರೆ ಒಂದರ ಎಳೆತವನ್ನು ಉಳಿದೆರಡು ತೀರಿಸುತ್ತವೆ, ಹೊರಗೆ ನಿಂತವನಿಗೆ ಅಲ್ಲಿ ಏನೂ ಇಲ್ಲ. ಟೆಸ್ಟರಿನ ಬಾಯಿಯೂ ಕಬ್ಬಿಣ, ಟ್ರೇಯೂ ಕಬ್ಬಿಣ. ಮೂರನ್ನೂ ಸೇರಿಸಿ ಮಲಗಿಸಿದ್ದರೆ ಟ್ರೇಗೆ ಏನೂ ಕಾಣುತ್ತಿರಲಿಲ್ಲ. ನಾಲ್ಕು ಕೆಂಪನ್ನೇ ಒಂದು ಕಡೆ ಗುಡ್ಡೆ ಹಾಕಿದ್ದರಿಂದ ಆ ಕಡೆಯ ತಗಡಿಗೆ ಬರೀ ಕೆಂಪು ಕಂಡಿತು, ಕಾದಿತು. ತಗಡಿಗೆ ಅಂಟಿಕೊಂಡ ಅರ್ಥ್ ಪಟ್ಟಿಗೂ ಅದೇ ಗತಿ. ಆ ಮೂವತ್ತೆಂಟು ಎಲ್ಲಿಂದಲೂ ಸೋರಿ ಬಂದದ್ದಲ್ಲ. ಪಕ್ಕದಲ್ಲಿ ಹರಿಯುವುದರ ಪ್ರಭಾವಕ್ಕೆ ಪಟ್ಟಿಯೊಳಗೇ ಹುಟ್ಟಿ ಸುತ್ತುತ್ತಿದ್ದದ್ದು. ಹಳದಿಯ ಪಕ್ಕ ಮಲಗಿದ್ದ ಕೆಂಪಿಗೆ ದಾರಿ ಸಲೀಸು, ಅದು ಮುನ್ನೂರ ಮೂವತ್ತು ಎಳೆಯಿತು; ದೂರದ ಅಂಚಿನ ಕೆಂಪಿಗೆ ದಾರಿ ಕಷ್ಟ, ಅದು ತೊಂಬತ್ತೈದಕ್ಕೇ ನಿಂತಿತು. ಒಟ್ಟಿಗಿಂತ ಬಿಡಿ ಲೆಕ್ಕ ಹೆಚ್ಚಾದದ್ದು ಏಕೆಂದೂ ಮಸುಕು ಮಸುಕಾಗಿ ಹೊಳೆಯಿತು: ನಾಲ್ವರೂ ಒಂದೇ ಹೊತ್ತಿಗೆ ಹೆಜ್ಜೆ ಹಾಕುತ್ತಿಲ್ಲ. ಉಳಿದದ್ದು ಪೂರ್ತಿ ಬಿಡಿಸಿಕೊಳ್ಳಲು ಅವಳಿಗೆ ಪುಸ್ತಕ ಬೇಕಿತ್ತು. ಒಂದು ಮಾತು ಮಾತ್ರ ಪುಸ್ತಕವಿಲ್ಲದೆಯೂ ಸ್ಪಷ್ಟವಾಗಿತ್ತು. ಸುಬ್ಬಪ್ಪನ ಗುಂಡಿಗೂ ಇದಕ್ಕೂ ಸಂಬಂಧವಿಲ್ಲ.

ಶನಿವಾರ, ಭಾನುವಾರ ಟ್ರೇ ಪೂರ್ತಿ ಬಿಚ್ಚಿದರು. ಒಂದು ಕೆಂಪು, ಒಂದು ಹಳದಿ, ಒಂದು ನೀಲಿ ಒತ್ತಿಟ್ಟು, ಪಕ್ಕಕ್ಕೊಂದು ನ್ಯೂಟ್ರಲ್ ಇಟ್ಟು, ಎರಡು ಅಡಿಗೊಂದು ಕಟ್ಟು. ಹೀಗೆ ನಾಲ್ಕು ಕಂತೆ. ಅವಳೂ ಏಣಿ ಹತ್ತಿ ಕಟ್ಟಿದಳು, ಬೆರಳು ಮೊದಲಿನಂತೆಯೇ ನೋಯಿತು. ಬಣ್ಣಗಳು ಕಲಸಿಹೋಗಿ ಟ್ರೇ ನೋಡಲು ಚಂದ ಕಾಣುತ್ತಿರಲಿಲ್ಲ. ಭಾನುವಾರ ಸಂಜೆ ಮೋಟಾರು ಓಡಿಸಿದರು. ಕೆಂಪಿನ ನಾಲ್ಕರಲ್ಲಿ ನೂರ ಎಪ್ಪತ್ತೆರಡು, ನೂರ ಎಪ್ಪತ್ತೆಂಟು, ನೂರ ಎಪ್ಪತ್ನಾಲ್ಕು, ನೂರ ಎಪ್ಪತ್ತೇಳು. ಟ್ರೇ ತಣ್ಣಗಿತ್ತು. ಅರ್ಥ್ ಪಟ್ಟಿಯಲ್ಲಿ ಒಂದೂ ಪೂರ್ತಿ ಇಲ್ಲ.

"ಸರಿಹೋಯ್ತಲ್ಲ ಮೇಡಂ" ಎಂದ ಸುದೀಪ್. "ಪುಸ್ತಕದಲ್ಲಿ ಹೊಸ ಗುಂಡಿ ಹಾಕಿದ ಮೇಲೆ ಸರಿಹೋಯ್ತು ಅಂತಲೇ ಇರ್ಲಿ. ಮೇಲಿನವರಿಗೆ ನೀವೇ ತಪ್ಪು ಮಾಡಿದ್ದು ಅಂತ ಗೊತ್ತಾದ್ರೆ ಎರಡನೇ ಶೆಡ್ ನಿಮಗೆ ಕೊಡ್ಸೋಕೆ ನಂಗೆ ಕಷ್ಟ."

ಅವನ ಮಾತಿನಲ್ಲಿ ಕೆಡುಕಿರಲಿಲ್ಲ, ಒಳ್ಳೆಯದಕ್ಕೇ ಹೇಳಿದ್ದ. ಅದೇ ತೊಂದರೆಯಾಯಿತು. ಆ ರಾತ್ರಿ ಅವಳಿಗೆ ನಿದ್ದೆ ಹತ್ತಲಿಲ್ಲ. ಹೊಸ ಗುಂಡಿ ಹಾಕಿದ್ದೂ ನಿಜ, ಅದಾದ ಮೇಲೆ ಸರಿಹೋಗಿದ್ದೂ ನಿಜ. ಎರಡು ನಿಜಗಳನ್ನು ಪಕ್ಕಪಕ್ಕ ಅಂದವಾಗಿ ಜೋಡಿಸಿಬಿಟ್ಟರೆ ಸಾಕು, ಯಾರೂ ಏನೂ ಕೇಳುವುದಿಲ್ಲ. ಜೋಡಿಸುವುದು ಅವಳಿಗೆ ಕರಗತ.

ಸೋಮವಾರ ಬೆಳಿಗ್ಗೆ ರಾಗಿಗುಡ್ಡಕ್ಕೆ ಹೋದಳು. ಸುಬ್ಬಪ್ಪ ಮನೆ ಮುಂದಿನ ಕಲ್ಲಿನ ಮೇಲೆ ಕೂತು ಹಾರೆಯ ತುದಿ ಉಜ್ಜುತ್ತಿದ್ದ. ಉಜ್ಜಿ ಉಜ್ಜಿ ಅದು ಬೆಳ್ಳಿಯಂತಾಗಿತ್ತು. ಅವನ ಹೆಂಡತಿ ಪ್ರೇಮಮ್ಮ ಬಾಗಿಲಲ್ಲಿ ನಿಂತು, ಒಳಗೆ ಬನ್ನಿ ಎನ್ನದೆ, "ಒಂಬತ್ತು ದಿನ ಆಯ್ತು ಮೇಡಂ, ಮನೇಲೇ ಇದಾರೆ" ಎಂದಳು.

"ಸುಬ್ಬಪ್ಪ, ನಿಮ್ಮ ಗುಂಡಿ ಸರಿ ಇತ್ತು" ಎಂದಳು ಶರಾವತಿ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳೆಲ್ಲ ಚೆಲ್ಲಾಪಿಲ್ಲಿಯಾಗಿದ್ದವು. "ಕೇಬಲ್ ಮಲಗಿಸಿದ್ದು ತಪ್ಪು. ನಾನು ಮಲಗಿಸಿದ್ದು. ನಂಗೆ ಗೊತ್ತಾಗಲಿಲ್ಲ. ಗೊತ್ತಾಗದೇ ಇದ್ದಿದ್ದಕ್ಕೆ ನಿಮ್ಮ ಮೇಲೆ ಹಾಕಿದೆ."

ಸುಬ್ಬಪ್ಪ ಹಾರೆ ಉಜ್ಜುವುದನ್ನು ನಿಲ್ಲಿಸಿದ.

"ಇದನ್ನ ಇಲ್ಲಿ ಹೇಳಿದ್ರೆ ಯಾರು ಕೇಳಿದ್ರು ಮೇಡಂ? ನಾನು ಕೇಳಿದೆ, ಪ್ರೇಮ ಕೇಳಿದ್ಲು. ನಮ್ಮಿಬ್ರಿಗೂ ಮೊದ್ಲೇ ಗೊತ್ತಿತ್ತು."

ಅವನು ಎದ್ದು, ಶರ್ಟು ಹಾಕಿಕೊಂಡು ಬಂದು, "ನಡೀರಿ" ಎಂದ. ಸ್ಕೂಟರಿನ ಹಿಂದೆ ಕೂರಲಿಲ್ಲ, ಬಸ್ಸಿಗೇ ಬಂದ. ಅವನು ಬರುವವರೆಗೆ ಅವಳು ಆಯನೂರಿನ ಬಸ್ ಸ್ಟಾಪಿನಲ್ಲಿ ಬಿಸಿಲಲ್ಲಿ ಕಾದಳು.

ಸೈಟಿನಲ್ಲಿ ಟೀ ಹೊತ್ತಾಗಿತ್ತು. ಅದೇ ಐದಾರು ಜನ, ಸುದೀಪ್. ಸುಬ್ಬಪ್ಪ ಅವತ್ತು ಕೂತಿದ್ದ ಜಾಗದಲ್ಲೇ ನಿಂತ.

"ಅವತ್ತು ಬರೆದಿದ್ದನ್ನ ಒಂದ್ಸಲ ಓದಿ ಮೇಡಂ. ನಂಗೆ ಓದೋಕೆ ಬರಲ್ಲ. ಏನು ಬರೆದಿದೀರಿ ಅಂತ ಜನ ಹೇಳಿದ್ದೇ ಕೇಳಿರೋದು."

ಅವಳು ಪುಸ್ತಕ ತೆರೆದಳು. ತನ್ನದೇ ದುಂಡಗಿನ ಅಕ್ಷರ. ಓದಲು ಎಷ್ಟು ಹೊತ್ತು ಬೇಕು ಎರಡು ಸಾಲು? "ಬಿಡಿಸಲಾಗಿದೆ" ಎಂಬಲ್ಲಿಗೆ ಬರುವಷ್ಟರಲ್ಲಿ ಕೆಲಸದವರೆಲ್ಲ ಲೋಟ ಕೆಳಗಿಟ್ಟಿದ್ದರು. ಸುದೀಪ್ ಅವಳತ್ತ ನೋಡಿ, ಬೇಡ ಎಂಬಂತೆ ತಲೆ ಅಲ್ಲಾಡಿಸಿದ. ಅವಳು ಚೀಲದಿಂದ ಪೆನ್ನು ತೆಗೆದು ಅದರ ಕೆಳಗೇ ಬರೆದು, ಬರೆದದ್ದನ್ನು ಗಟ್ಟಿಯಾಗಿ ಓದಿದಳು.

"ಮೇಲೆ ಬರೆದಿರುವುದು ಸುಳ್ಳು. ಅರ್ಥಿಂಗಿನಲ್ಲಿ ಯಾವ ದೋಷವೂ ಇರಲಿಲ್ಲ. ಕೇಬಲ್ಲುಗಳನ್ನು ತಪ್ಪಾಗಿ ಜೋಡಿಸಿದವಳು ನಾನು. ತಿಳಿಯದೆ ಸುಬ್ಬಪ್ಪನವರನ್ನು ದೂರಿದವಳೂ ನಾನು."

ಸಹಿ ಹಾಕಿದಳು. ಲೈಸೆನ್ಸ್ ನಂಬರು ಬರೆದಳು. ಈ ಸಲ ಅಕ್ಷರ ಸೊಟ್ಟಪಟ್ಟಾಗಿತ್ತು. ಸಾಲು ಗೆರೆಯಿಂದ ಕೆಳಗೆ ಇಳಿದಿತ್ತು. ಸುದೀಪ್ ಆಫೀಸಿನ ಕಡೆ ಹೋದ. ಎರಡನೇ ಶೆಡ್ಡಿನ ಮಾತು ಅಲ್ಲಿಗೆ ಮುಗಿಯಿತು ಎಂದು ಅವನ ಬೆನ್ನು ನೋಡಿದರೇ ತಿಳಿಯುತ್ತಿತ್ತು.

ಸುಬ್ಬಪ್ಪ ಟ್ರೇಯ ಕೆಳಗೆ ಹೋಗಿ, ಕೈ ಎತ್ತಿ ತಗಡನ್ನು ಮುಟ್ಟಿದ. ತುಂಬಾ ಹೊತ್ತು ಕೈ ಅಲ್ಲೇ ಇಟ್ಟಿದ್ದ. ಆಮೇಲೆ ಶೆಡ್ಡಿನ ಹೊರಗೆ ತನ್ನ ಗುಂಡಿಗಳಿದ್ದ ಕಡೆ ನೋಡಿದ. ಮೇಲಿನ ಮಣ್ಣು ಬಿರುಕು ಬಿಟ್ಟಿತ್ತು.

"ಒಂಬತ್ತು ದಿನದಿಂದ ಯಾರೂ ನೀರು ಹಾಕಿಲ್ಲ" ಎಂದ.

ಅವನು ತೊಟ್ಟಿಯ ಹತ್ತಿರ ಹೋಗಿ ಒಂದು ಬಕೆಟ್ ತುಂಬಿಸಿಕೊಂಡು ನಡೆದ. ಶರಾವತಿ ಪುಸ್ತಕ ಮುಚ್ಚಿ, ಸೆರಗು ಸೊಂಟಕ್ಕೆ ಸಿಕ್ಕಿಸಿ, ಇನ್ನೊಂದು ಬಕೆಟ್ ತುಂಬಿಸಿಕೊಂಡು ಅವನ ಹಿಂದೆ ಹೋದಳು.